ನಾನು ಸಾರಿಸಿ ಅಳಿಸಿದ ಜಿಲ್ಲೆ

ಹರಿಹರದ ಆಚೆ

ಪರದೇಶಕ್ಕೆ ಹೋಗಿ ಬಂದೆ ಎಂದಾಗ ನಮ್ಮ ತಿಪಟೂರಿನ ಗೆಳೆಯರೆಲ್ಲ ಯಾವ ಹಡಗು ಹತ್ತಿದಿರಿ ಎಂದು ಕೇಳಿದರು. ಹಡಗಲ್ಲ, ರೈಲು ಎಂದೆ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಮುಂಬೈ ಇಲಾಖೆ ಶುರುವಾಗುತ್ತದೆ. ಅಲ್ಲಿ ಕಾನೂನು ಬೇರೆ, ಪಠ್ಯಪುಸ್ತಕ ಬೇರೆ. ಶಾಲೆಗೆ ಸಾಲಿ ಎನ್ನುತ್ತಾರೆ, ತರಗತಿಗೆ ಇಯತ್ತೆ ಎನ್ನುತ್ತಾರೆ, ನಮ್ಮ ಮೇಷ್ಟ್ರು ಅಲ್ಲಿ ಮಾಸ್ತರನಾಗುತ್ತಾನೆ. ಭಾಷೆಯೊಂದು ನಮ್ಮದೇ. ಆದರೆ ಅದು ಎಷ್ಟು ಜೋರಾಗಿ ಓಡುತ್ತದೆ ಎಂದರೆ ನಾನು ಮೊದಲ ಎರಡು ದಿನ ಹಿಂದೆ ಹಿಂದೆಯೇ ಓಡುತ್ತಿದ್ದೆ. ಇದು ಪರದೇಶವಲ್ಲದೆ ಮತ್ತೇನು?

ಹೋಗಬೇಕಾಗಿ ಬಂದದ್ದು ನನ್ನ ಬಾಯಿಬಡುಕತನದಿಂದ. ಹಿಂದಿನ ವರ್ಷ ಧಾರವಾಡದಲ್ಲಿ ಶಿಕ್ಷಕರ ಸಭೆಯೊಂದು ಸೇರಿತ್ತು. ಭೂಗೋಳ, ಇತಿಹಾಸ, ಪೌರನೀತಿಗಳನ್ನು ಚಿಕ್ಕ ತರಗತಿಯಿಂದ ಮಿಡಲ್ ಸ್ಕೂಲಿನವರೆಗೆ ಭೂಪಟದ ಸಹಾಯದಿಂದ ಹೇಗೆ ಕಲಿಸಬೇಕು ಎಂಬುದರ ಬಗ್ಗೆ ನಾನು ಮುಕ್ಕಾಲು ಗಂಟೆ ಪ್ರಬಂಧ ಓದಿದೆ. ಮುಗಿದ ಮೇಲೆ ತೆಳ್ಳಗಿನ, ಬಿಳಿ ಟೋಪಿಯ ಮನುಷ್ಯನೊಬ್ಬ ಬಂದು ಕೈಮುಗಿದ.

"ಚಲೋ ಹೇಳಿದ್ರಿ. ಆದ್ರ ನಮ್ಮ ಸಾಲ್ಯಾಗ ನಕಾಶೆ ತೂಗಹಾಕಾಕ ಗ್ವಾಡಿನ ಇಲ್ರಿ. ಬರೇ ಕಂಬ ಅದಾವು. ಒಮ್ಮೆ ಬಂದು ನೋಡ್ರಿ."

ಅವರೇ ನೇಮಣ್ಣ ಮಾಸ್ತರು. ಮೂಡಲಗಿಗೂ ಕುಲಗೋಡಕ್ಕೂ ನಡುವಿನ ಒಂದು ಹಳ್ಳಿಯ ಶಾಲೆ ಅವರದು. ಊರಿನ ಹೆಸರು ಬರೆಯಬೇಡಿರೆಂದು ಅವರು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ. ಗೋಡೆಯಿಲ್ಲದ ಶಾಲೆಗೆ ಒಂದು ಉಪಕಾರ ಮಾಡೋಣವೆಂದು ನಾನು ಆಳೆತ್ತರದ ಪ್ರಪಂಚದ ಭೂಪಟವೊಂದನ್ನು ತಗಡಿನ ಕೊಳವೆಯಲ್ಲಿ ಸುತ್ತಿಕೊಂಡು ಹೊರಟೆ. ರೈಲಿನಲ್ಲಿ ಆ ಕೊಳವೆ ನನಗಿಂತ ಹೆಚ್ಚು ಮರ್ಯಾದೆ ಪಡೆಯಿತು. ಒಬ್ಬರು ಬಂದೂಕೆಂದು ದೂರ ಸರಿದು ಕುಳಿತರು. ಲೋಂಡಾದಲ್ಲಿ ಹತ್ತಿದ ಮುದುಕಿಯೊಬ್ಬಳು ದೇವರ ಛತ್ರಿ ಇರಬೇಕೆಂದು ಅದಕ್ಕೆ ಕೈಮುಗಿದು ಪಕ್ಕದಲ್ಲಿ ಕುಳಿತಳು. ನಾನು ತಿದ್ದಲು ಹೋಗಲಿಲ್ಲ. ಕಾಲು ಚಾಚಲು ಜಾಗ ಸಿಕ್ಕಿತ್ತು.

ಹುಕ್ಕೇರಿ

ಬೇರೆ ಸೀಮೆಯವನು ಇಲ್ಲಿನ ಶಾಲೆಯೊಳಗೆ ಕಾಲಿಡಬೇಕಾದರೆ ಅಪ್ಪಣೆ ಬೇಕು. ಶಾಲೆಗಳ ತಪಾಸಣೆ ಮಾಡುವ ಸಾಹೇಬರು ಆಗ ಹುಕ್ಕೇರಿಯಲ್ಲಿ ಕ್ಯಾಂಪು ಹಾಕಿದ್ದರು. ಸ್ಟೇಷನ್ನಿನಿಂದ ಮೋಟಾರಿನಲ್ಲಿ ಹೋದೆ. ಅಂದು ಸಂತೆ. ನನ್ನ ಒಂದು ಮಂಡಿಯ ಮೇಲೆ ಯಾರದೋ ಮೆಣಸಿನಕಾಯಿ ಚೀಲ, ಇನ್ನೊಂದರ ಮೇಲೆ ಕೋಳಿ. ಪಕ್ಕದ ಹೆಂಗಸು ಎಡಗಡೆಯವರೊಡನೆ ಮರಾಠಿ, ಬಲಗಡೆಯ ನನ್ನೊಡನೆ ಕನ್ನಡ ಆಡುತ್ತ, ನಡುವೆ ಉಸಿರನ್ನೂ ಎಳೆದುಕೊಳ್ಳದೆ ಬಂದಳು. ಅಪರಿಚಿತನನ್ನು ಕಂಡರೆ ನಾವು ಯಾವ ಊರು ಎನ್ನುತ್ತೇವೆ. ಇವರು ಮೊದಲು "ಊಟ ಆತೇನ್ರಿ?" ಎನ್ನುತ್ತಾರೆ. ಇಲ್ಲ ಎಂದುಬಿಟ್ಟೆ. ಮೋಟಾರು ಹುಕ್ಕೇರಿ ಮುಟ್ಟುವಷ್ಟರಲ್ಲಿ ಮೂರು ಜನರ ಬುತ್ತಿಯ ರೊಟ್ಟಿ ನನ್ನ ಹೊಟ್ಟೆಯಲ್ಲಿತ್ತು, ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರಿತ್ತು.

ಸಾಹೇಬರು ಎಂದರೆ ಬಿಳಿಯರಲ್ಲ. ಧೋತರ, ಕರಿ ಕೋಟು, ಕೆಂಪು ರುಮಾಲಿನ ಕನ್ನಡಿಗರೇ. ನಗುವನ್ನು ಮನೆಯಲ್ಲಿಟ್ಟು ಬಂದವರಂತೆ ಕಂಡರು. ನನ್ನ ಕಾಗದ ಓದಿ ಕನ್ನಡಕ ತೆಗೆದರು.

"ನೇಮಣ್ಣನ ಸಾಲಿಗೇನು? ಹೋಗ್ರಿ, ನೋಡ್ರಿ. ನಾನೂ ಶುಕ್ರವಾರ ಬರಾಂವ ಅದೀನಿ. ಐದನೇ ಇಯತ್ತೆ ಬೇಕಂತ ಅರ್ಜಿ ಮ್ಯಾಲ ಅರ್ಜಿ ಹಾಕ್ಯಾನ. ಸಾಲ್ಯಾಗ ಒಂದು ನಕಾಶೆ ಇಲ್ಲ, ಹುಡುಗೂರ ಕೈಲೆ ನೆಲದ ಮ್ಯಾಲ ಗೀಚಸ್ತಾನಂತ. ಇಂಥಲ್ಲಿ ಐದನೇದು ಹೆಂಗ ಕೊಡಾಕ ಬರತೈತಿ?"

ಐದನೆಯ ತರಗತಿ ಸಿಗದಿದ್ದರೆ ಏನಾಗುತ್ತದೆ ಎಂದು ಕೇಳಿದೆ.

"ಏನಾಗತೈತಿ? ಗಂಡುಹುಡುಗೂರು ಮೂಡಲಗಿಗೆ ನಡಕೊಂತ ಹೋಗ್ತಾರ. ಹೆಣ್ಣುಹುಡುಗ್ಯಾರು ಮನ್ಯಾಗ ಕುಂದರ್ತಾರ."

ನಾನು ಕೊಳವೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ನೇಮಣ್ಣನವರ ಕಷ್ಟಕ್ಕೆ ಪರಿಹಾರ ನನ್ನ ಕಂಕುಳಲ್ಲೇ ಇದೆ ಎಂದು ಎಷ್ಟು ಉಬ್ಬಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಗೋಕಾಕ

ಗೋಕಾಕದಲ್ಲಿ ಒಂದು ಹಗಲು ಕಳೆದೆ. ಘಟಪ್ರಭೆ ಬಂಡೆಯಿಂದ ಧುಮುಕುವುದನ್ನು ನೋಡಿದೆ, ತೂಗುಸೇತುವೆಯ ಮೇಲೆ ಅರ್ಧದವರೆಗೆ ನಡೆದು ಅದು ತೂಗಲು ಶುರುಮಾಡಿದ ಕೂಡಲೇ ಹಿಂದಿರುಗಿದೆ. ಜಲಪಾತದ ವಿಷಯದಲ್ಲಿ ನಮ್ಮ ಜೋಗದವರು ಹೆದರಬೇಕಾಗಿಲ್ಲ. ಆದರೆ ಜೋಗದ ನೀರು ಅಷ್ಟೆತ್ತರದಿಂದ ಬಿದ್ದು ಸುಮ್ಮನೆ ಹೋಗುತ್ತದೆ, ಇಲ್ಲಿನ ನೀರು ಬಿದ್ದ ಕೂಡಲೇ ಗಿರಣಿಯ ಕೆಲಸಕ್ಕೆ ಹಾಜರಾಗುತ್ತದೆ.

ಊರೊಳಗೆ ಮರದ ಆಟಿಕೆ ಮಾಡುವವರ ಓಣಿಯಿದೆ. ಒಬ್ಬರ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತ, ತಟ್ಟೆಯಲ್ಲಿದ್ದ ಪೇರಲ ಹಣ್ಣೊಂದನ್ನು ಎತ್ತಿಕೊಂಡು ಕಚ್ಚಿದೆ. ಹಲ್ಲು ಝುಮ್ಮೆಂದಿತು. ಆ ಮನುಷ್ಯ ಉಳಿಯಿಂದ ಕಣ್ಣೆತ್ತದೆ, "ಮೈಸೂರ ಕಡೆ ಹಣ್ಣು ಇದಕ್ಕಿಂತ ಮೆತ್ತಗಿರ್ತಾವೇನ್ರಿ?" ಎಂದ. ಹಲ್ಲಿನ ಗುರುತು ಬಿದ್ದ ಆ ಪೇರಲವನ್ನು ನಾನೇ ಕೊಳ್ಳಬೇಕಾಯಿತು.

ಮೂಡಲಗಿ ದಾಟಿ

ಮೂಡಲಗಿಯಿಂದ ಎತ್ತಿನ ಗಾಡಿ. ಎರಡೂ ಕಡೆ ಜೋಳ, ಅಲ್ಲಲ್ಲಿ ಕಬ್ಬು. ಎತ್ತುಗಳಿಗೆ ಅವಸರವಿರಲಿಲ್ಲ, ನನಗೂ ಇರಲಿಲ್ಲ. ಆದರೆ ಇರಬೇಕಾಗಿತ್ತು ಎಂಬುದು ಊರು ಮುಟ್ಟಿದ ಮೇಲೆ ಗೊತ್ತಾಯಿತು. ನೇಮಣ್ಣನವರು ಜೈನರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆಯೂ ಉರಿಯುವುದಿಲ್ಲ, ತುತ್ತೂ ಎತ್ತುವುದಿಲ್ಲ. ನಾನು ಅಂಗಳದಲ್ಲಿ ಇಳಿದಾಗ ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತು. ನೇಮಣ್ಣನವರ ಹೆಂಡತಿ ಸಂಕಟಪಟ್ಟುಕೊಂಡರು.

"ಒಂದೀಟ ಲಗೂನ ಬರಬಾರದೇನ್ರಿ ಅಣ್ಣಾರ? ಹೋಳಿಗಿ ಮಾಡಿದ್ದೆ."

ಬಾಜೂ ಮನೆಯ ರೈತರು ಕರೆದು ರೊಟ್ಟಿ, ಝುಣಕ ಕೊಟ್ಟರು. ಹೋಳಿಗೆ ಮರುದಿನ ಬೆಳಗಿಗೆ ಸಿಕ್ಕಿತು. ಆಮೇಲಿನ ದಿನಗಳಲ್ಲಿ ಸಂಜೆ ಐದಕ್ಕೇ ನಾನು ಕೈಕಾಲು ತೊಳೆದು ಮಣೆಯ ಮುಂದೆ ಸಿದ್ಧನಾಗಿರುತ್ತಿದ್ದೆ.

ಐದು ಅಂಕಣ

ಶಾಲೆ ಎಂದರೆ ಉದ್ದನೆಯ ತೆರೆದ ಪಡಸಾಲೆ. ಕಂಬದ ಸಾಲುಗಳು ಅದನ್ನು ಐದು ಅಂಕಣ ಮಾಡಿದ್ದವು. ನಾಲ್ಕರಲ್ಲಿ ನಾಲ್ಕು ತರಗತಿಗಳು. ಐದನೆಯದಕ್ಕೆ ಮಾತ್ರ ತಟ್ಟಿ ಕಟ್ಟಿ ಊರಿನ ಹಳೆಯ ತೊಲೆ, ಮುರಿದ ಗಾಡಿಯ ಗಾಲಿ ತುಂಬಿದ್ದರು. ನೇಮಣ್ಣನವರು ಅದರ ಮುಂದೆ ಹಾಯುವಾಗಲೆಲ್ಲ ಒಮ್ಮೆ ಆ ಕಡೆ ನೋಡುತ್ತಿದ್ದರು.

ಮೊದಲ ಅಂಕಣದ ನೆಲ ಬರಿದಾಗಿತ್ತು. ಅಲ್ಲಿನ ಪುಟ್ಟ ಮಕ್ಕಳು ತಮ್ಮ ಎಡಕ್ಕೆ ಯಾರು, ಬಲಕ್ಕೆ ಯಾರು, ಸೂರ್ಯ ಯಾವ ಕಂಬದ ಕಡೆಯಿಂದ ಬರುತ್ತಾನೆ ಎಂದು ಹೇಳಬೇಕು, ಅಷ್ಟೇ. ಎರಡನೆಯ ಅಂಕಣದ ನೆಲದ ತುಂಬ ಸುಣ್ಣ, ಬೂದಿ, ಇಟ್ಟಿಗೆಪುಡಿಯಲ್ಲಿ ಆ ಊರೇ ಬಿದ್ದುಕೊಂಡಿತ್ತು. ಓಣಿಗಳು, ಕುಂಬಾರನ ಆವಿಗೆ, ಬಸದಿ, ಗುಡಿ, ಮಸೀದಿ. ಮೂರನೆಯದರಲ್ಲಿ ಗೋಕಾಕ ತಾಲೂಕು. ಇಡೀ ನೆಲ ತುಂಬಿದ್ದ ಊರು ಇಲ್ಲಿ ಮುಷ್ಟಿಗಾತ್ರದ ಕಲ್ಲಾಗಿತ್ತು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಅಂಕಣ. ಅಲ್ಲಿ ಬೆಳಗಾವಿ ಜಿಲ್ಲೆ. ಊರು ಒಂದು ಕಡಲೆಕಾಳು.

"ಊರು ವರ್ಷಾ ಸಣ್ಣದಾಗ್ಕೋತ ಹೋಗತೈತ್ರಿ" ಎಂದರು ನೇಮಣ್ಣ. "ಒಂದನೇ ಇಯತ್ತೆ ಕೂಸಿಗೆ ಅದು ಕುಂತ ಜಾಗಾನ ಜಗತ್ತು. ಐದನೇದಕ್ಕ ಮುಂಬೈ ಇಲಾಖೆ, ಆರಕ್ಕ ಹಿಂದುಸ್ತಾನ, ಏಳಕ್ಕ ಭೂಮಿ. ಆದ್ರ ನಮ್ಮ ಸಾಲಿ ಜಿಲ್ಲಾದಾಗ ನಿಂತಬಿಟ್ಟೈತ್ರಿ."

ನಾನು ಎರಡನೆಯ ಅಂಕಣದ ಬಳಿ ಬಗ್ಗಿ ನೋಡಿದೆ. ಊರಿನ ಬಾವಿಗಳ ಜಾಗದಲ್ಲಿ ಒಡೆದ ಬಳೆಗಳಿದ್ದವು. ಯಾವ ಮನೆಯವರು ಯಾವ ಬಾವಿಗೆ ಹೋಗುತ್ತಾರೆ ಎಂದು ಮಕ್ಕಳು ಬೂದಿಯ ಗೆರೆ ಎಳೆದಿದ್ದರು. ಒಂದು ಓಣಿಯ ಗೆರೆ ಮಾತ್ರ ಹತ್ತಿರದ ಬಾವಿಯನ್ನು ಬಿಟ್ಟು, ಊರು ಸುತ್ತಿ ಹಳ್ಳಕ್ಕೆ ಹೋಗಿತ್ತು.

"ಇದೇಕೆ ಹೀಗೆ?" ಎಂದೆ.

"ಹುಡುಗೂರೂ ಅದನ್ನ ಕೇಳ್ತಾರ್ರಿ. ಮನಿಗೆ ಹೋಗಿ ನಿಮ್ಮ ಅಪ್ಪಗ ಕೇಳ್ರಿ ಅಂತೇನಿ."

ನಮ್ಮ ಶಾಲೆಯಲ್ಲಿ ಪೌರನೀತಿ ಎಂದರೆ ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ. ನಾನು ಮಾತು ಬದಲಿಸಿದೆ.

ನಾಲ್ಕನೆಯ ತರಗತಿಯಲ್ಲಿ ಗಂಡುಹುಡುಗರ ಜೊತೆಗೆ ನಾಲ್ವರು ಹುಡುಗಿಯರಿದ್ದರು. ಅವರಲ್ಲಿ ಶಾಂತವ್ವ ಎನ್ನುವವಳಿಗೆ ಹತ್ತು ಹನ್ನೊಂದು ವರ್ಷವಿರಬೇಕು. ಮಾತು ಕಡಿಮೆ, ಕೈ ಜೋರು. ನದಿಗಳ ಬೂದಿ ಗಾಳಿಗೆ ಹಾರಿದರೆ ಮತ್ತೆ ಸುರಿಯುವ ಕೆಲಸ ಅವಳದು. "ಐದನೇದು ಬಂದ್ರ ನಾ ಸಮುದ್ರ ತಗೀತೇನ್ರಿ" ಎಂದು ನನಗೆ ತಾನಾಗಿಯೇ ಹೇಳಿದಳು. ತೆಗೆಯುವುದು ಎಂದರೆ ಅಲ್ಲಿ ಚಿತ್ರ ಬರೆಯುವುದು. ಬೆಳಗಾವಿ ಜಿಲ್ಲೆಗೆ ಸಮುದ್ರವಿಲ್ಲ, ಮುಂಬೈ ಇಲಾಖೆಗಿದೆ.

ಶುಕ್ರವಾರ

ಸಾಹೇಬರನ್ನು ಕರೆತರಲು ನೇಮಣ್ಣನವರು ಬೆಳಿಗ್ಗೆಯೇ ಗಾಡಿ ಕಟ್ಟಿಸಿಕೊಂಡು ಮೂಡಲಗಿಗೆ ಹೋದರು. ಶಾಲೆಯನ್ನು ನನ್ನ ಮೇಲೆ ಬಿಟ್ಟರು. ಅದೇ ಅವರು ಮಾಡಿದ ತಪ್ಪು.

ನಾನು ಪಡಸಾಲೆಯ ತುದಿಯಲ್ಲಿ ನಿಂತು ಸಾಹೇಬರ ಕಣ್ಣಿನಿಂದ ನೋಡಿದೆ. ಬೂದಿ, ಬಳೆಚೂರು, ಹುಣಸೆಬೀಜ, ಬೆಣಚುಕಲ್ಲು. ಗೀಚಿಸುತ್ತಾನಂತೆ ಎಂದು ಅವರು ಹುಕ್ಕೇರಿಯಲ್ಲಿ ಮೂಗು ಮುರಿದದ್ದು ನೆನಪಾಯಿತು. ನಮ್ಮ ಕಡೆ ಇನ್‌ಸ್ಪೆಕ್ಟರು ಬರುತ್ತಾರೆಂದರೆ ಒಂದು ವಾರ ಮೊದಲೇ ನೆಲ ತೊಳೆದು ಯಾರೂ ಕಾಲಿಡದಂತೆ ಕಾಯುತ್ತೇವೆ.

"ಇದನ್ನೆಲ್ಲ ತೆಗೆದು ಚೆನ್ನಾಗಿ ಸಾರಿಸಿಬಿಡ್ರಮ್ಮ. ಸಾಹೇಬರು ಬರ್ತಾರೆ" ಎಂದು ನಾಲ್ಕನೆಯ ತರಗತಿಯ ಹುಡುಗಿಯರಿಗೆ ಹೇಳಿದೆ.

ಅವರು ಮುಖ ಮುಖ ನೋಡಿಕೊಂಡರು. "ಎಲ್ಲಾನೂ ಅಳಸೂದೇನ್ರಿ?" ಎಂದಳು ಶಾಂತವ್ವ.

"ಎಲ್ಲ."

ಪಾವಣೇರು, ಅಂದರೆ ಮನೆಗೆ ಬಂದ ನೆಂಟರು, ಹೇಳಿದ ಮಾತಿಗೆ ಆ ಸೀಮೆಯಲ್ಲಿ ಎದುರಾಡುವುದಿಲ್ಲ. ಸೆಗಣಿ ಬಂತು, ನೀರು ಬಂತು. ಅರ್ಧ ಗಂಟೆಯಲ್ಲಿ ಊರು, ತಾಲೂಕು, ಜಿಲ್ಲೆ ಮೂರೂ ಹೋಗಿ ನೆಲ ಕನ್ನಡಿಯಾಯಿತು. ನಾನು ನನ್ನ ಭೂಪಟವನ್ನು ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ ತೂಗುಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ ಬಹಳ ಸಂತೋಷಪಟ್ಟೆ.

ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂತು. ಸಾಹೇಬರ ಹಿಂದೆ ಮೆಟ್ಟಿಲು ಹತ್ತಿದ ನೇಮಣ್ಣನವರು ನೆಲ ನೋಡಿ ನಿಂತುಬಿಟ್ಟರು. ನನ್ನ ಪಕ್ಕಕ್ಕೆ ಬಂದು ಬಹಳ ಮೆಲ್ಲಗೆ ಕೇಳಿದರು:

"ಸರ, ಜಿಲ್ಲೆ ಎಲ್ಲಿ ಹೋತ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದೀಪಾವಳಿಯಿಂದ ಕಟ್ಟಿದ್ದು, ಇದನ್ನು ನೋಡಲೆಂದೇ ಸಾಹೇಬರನ್ನು ಅರ್ಜಿಯಲ್ಲಿ ಕರೆದದ್ದು ಎಂದು ಆಗ ತಿಳಿಯಿತು. ನಾಲ್ಕು ಹೆಣ್ಣುಮಕ್ಕಳ ಓದನ್ನು ಸೆಗಣಿ ನೀರಿನಲ್ಲಿ ಒರೆಸಿ ಹಾಕಿ, ಶಭಾಷ್ ಎಂದುಕೊಂಡು ನಿಂತಿದ್ದೆನಲ್ಲ!

ಕೊಲ್ಲಾಪುರದ ಕುರ್ಚಿ

ಸಾಹೇಬರು ನಾಲ್ಕನೆಯ ಅಂಕಣದ ಪಡುವಣ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಭೂಪಟ ನೋಡಿ "ನಕಾಶೆ ಬಂದೈತೆಲ್ಲ" ಎಂದರು. ಶಾಂತವ್ವನನ್ನು ಎಬ್ಬಿಸಿದರು.

"ಇದರಾಗ ನಿಮ್ಮೂರು ತೋರಸು."

ಅವಳು ಹತ್ತಿರ ಹೋಗಿ ಹುಡುಕಿದಳು. ಆ ಭೂಪಟದಲ್ಲಿ ಇಡೀ ಹಿಂದುಸ್ತಾನ ಅವಳ ಅಂಗೈಯಷ್ಟಿತ್ತು.

"ಇದರಾಗ ನಮ್ಮೂರಿಲ್ರಿ."

"ಬೆಳಗಾವಿ?"

"ಅದೂ ಇಲ್ರಿ."

"ಹಂಗಾದ್ರ ನಾಕು ವರ್ಷ ಏನು ಕಲ್ತಿ?"

"ನಮ್ಮ ಜಿಲ್ಲೆ ನೆಲದ ಮ್ಯಾಲ ಇತ್ರಿ. ಮುಂಜಾನೆ ಸಾರಸಿಬಿಟ್ವಿ."

"ಯಾಕ?"

ಅವಳು ಒಂದು ಸಲ ನನ್ನ ಕಡೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ. "ನೀವು ಬರ್ತೀರಂತ್ರಿ" ಎಂದಳು.

ನನಗೆ ತಡೆಯಲಾಗಲಿಲ್ಲ. "ಅಳಿಸಿದವನು ನಾನು ಸ್ವಾಮಿ. ಮಕ್ಕಳದಾಗಲಿ ಮೇಷ್ಟ್ರದಾಗಲಿ ತಪ್ಪಿಲ್ಲ" ಎಂದೆ. ಸಾಹೇಬರು ನನ್ನನ್ನು ಉತ್ತರಕ್ಕೂ ಯೋಗ್ಯನಲ್ಲದವನಂತೆ ನೋಡಿದರು. ಅಷ್ಟರಲ್ಲಿ ಶಾಂತವ್ವ "ಮತ್ತ ತಗೀಲೇನ್ರಿ?" ಎಂದು ಕೇಳಿದಳು. ಅವರು ಹೂಂ ಎನ್ನುವ ಮೊದಲೇ ಉಳಿದ ಮೂವರು ಬೂದಿಯ ಮಡಕೆ ತರಲು ಓಡಿದ್ದರು.

ಅವಳು ಮೊದಲು ಅಂಗಳಕ್ಕಿಳಿದು ನೆರಳು ನೋಡಿ ಬಂದಳು. ದಿಕ್ಕು ಗೊತ್ತುಮಾಡಿಕೊಂಡ ಮೇಲೆ ಮುಷ್ಟಿಯಿಂದ ಬೂದಿ ಬಿಡುತ್ತ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಮಲಪ್ರಭೆ, ನಡುವೆ ಘಟಪ್ರಭೆ ಎಳೆದಳು. ಗೋಕಾಕ ಬಂದಲ್ಲಿ ಒಬ್ಬಳು ನೂಲಿನ ಗಿರಣಿಗೆಂದು ಹತ್ತಿಬೀಜ ಇಟ್ಟಳು. ಗಿರಣಿ ಅಲ್ಲೇ ಏಕೆ ಎಂದು ಸಾಹೇಬರು ಕೇಳಿದರೆ, ತಲೆಯೆತ್ತದೆ "ಅಲ್ಲಿ ನೀರು ಬೀಳತೈತೆಲ್ರಿ" ಎಂದಳು. ಶಾಂತವ್ವ ಜಿಲ್ಲೆಯ ಎಲ್ಲೆ ಎಳೆಯುತ್ತ ಹುಕ್ಕೇರಿ ದಾಟಿ ಕುರ್ಚಿಯವರೆಗೆ ಬಂದು ನಿಂತಳು.

"ಸಾಹೇಬ್ರ, ಒಂದೀಟ ಏಳ್ರಿ. ನಿಮ್ಮ ಕುರ್ಚಿ ಕೊಲ್ಲಾಪುರದಾಗ ಐತ್ರಿ."

"ಇದ್ರ ಏನಾತು?"

"ಅದು ಸಂಸ್ಥಾನ್ರಿ. ಅಲ್ಲಿ ನಿಮ್ಮ ಹುಕುಂ ನಡಿಯಂಗಿಲ್ರಿ."

ನೇಮಣ್ಣನವರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಎದ್ದರು. ಕುರ್ಚಿಯನ್ನು ತಾವೇ ಎತ್ತಿ ಹಿಡಿದು, "ಎಲ್ಲಿ ಇಡ್ಲಿ?" ಎಂದು ಕೇಳಿದರು.

"ಬೆಳಗಾವ್ಯಾಗ ಇಡ್ರಿ. ಕಚೇರಿ ಅಲ್ಲೇ ಐತೆಲ್ರಿ."

ಸಾಹೇಬರು ನಕ್ಕದ್ದನ್ನು ನಾನು ಕಂಡೆ. ಆಮೇಲೆ ಆ ಕುರ್ಚಿಯಲ್ಲಿ ಅವರು ಬಹಳ ಹೊತ್ತು ಕೂರಲೂ ಇಲ್ಲ. ಮಂಡಿಯೂರಿ ತಾವು ಹುಟ್ಟಿದ ಊರಿಗೆಂದು ಒಂದು ಬೆಣಚುಕಲ್ಲು ಇಟ್ಟರು. "ಅಲ್ರಿ, ಅದು ಹೊಳಿ ಆಚಿಗೆ ಬರತೈತ್ರಿ" ಎಂದು ಇನ್ನೊಬ್ಬ ಹುಡುಗಿ ತಿದ್ದಿದಳು. ಅವರು ತುಸು ಯೋಚಿಸಿ ಹೌದೆಂದು ಕಲ್ಲನ್ನು ಆಚೆ ಸರಿಸಿದರು. ರುಮಾಲಿಗೆ ಬೂದಿ ಹತ್ತಿತ್ತು.

ಹೋಗುವ ಮುನ್ನ ತಪಾಸಣೆಯ ಪುಸ್ತಕದಲ್ಲಿ ಬರೆದಿಟ್ಟು ಹೋದರು. ಗಾಡಿ ಮರೆಯಾದ ಮೇಲೆ ನೇಮಣ್ಣನವರು ಎಲ್ಲರಿಗೂ ಕೇಳುವಂತೆ ಓದಿದರು. ಮುಂದಿನ ಜೂನಿನಿಂದ ಐದನೆಯ ಇಯತ್ತೆಗೆ ಮಂಜೂರಾತಿ ಕೊಟ್ಟಿದೆ. ಹುಡುಗರು ಕುಣಿದರು. ಶಾಂತವ್ವ ತಟ್ಟಿಯ ಸಂದಿಯಿಂದ ಐದನೆಯ ಅಂಕಣದೊಳಗೆ ಇಣುಕಿ ನೋಡುತ್ತಿದ್ದಳು. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಮಾಸ್ತರು ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ನನ್ನ ಕೈಗೆ ಕೊಟ್ಟರು.

ಹುಕ್ಕೇರಿಯಲ್ಲಿ ಹೊಸ ಮಾಸ್ತರರಿಗೆ ಕಲಿಸುವ ವರ್ಗವೊಂದು ತೆರೆಯಲಿದೆ, ಇಂಥ ಶಿಕ್ಷಕ ಅಲ್ಲಿ ಬೇಕು, ಜೂನಿನಿಂದ ನೇಮಣ್ಣನವರನ್ನು ಅಲ್ಲಿಗೆ ವರ್ಗಾಯಿಸಿ ಇಲ್ಲಿಗೆ ಬೇರೊಬ್ಬರನ್ನು ಕಳಿಸುವುದು.

"ನನ್ನಿಂದಲೇ ಆದದ್ದು" ಎಂದೆ. ನಾನು ನೆಲವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಹೇಬರು ಗೆರೆಗಳನ್ನು ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಕಣ್ಣ ಮುಂದೆ ಜಿಲ್ಲೆ ಹುಟ್ಟಿದ್ದನ್ನು ನೋಡಿ, ಅದನ್ನು ಹುಟ್ಟಿಸಲು ಕಲಿಸಿದವರನ್ನೇ ಎತ್ತಿಕೊಂಡು ಹೊರಟರು. ನನಗೆ ಅಳು ಬರುವಂತಾಗಿತ್ತು.

ನೇಮಣ್ಣನವರು ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. "ಐದನೇದು ನನಗ ಬೇಕಾಗಿದ್ದಿಲ್ರಿ ಸರ. ಈ ಹುಡುಗ್ಯಾರಿಗೆ ಬೇಕಾಗಿತ್ತು. ಬಂತೆಲ್ರಿ" ಎಂದರು. ಆ ಸಂಜೆ ಮಾತ್ರ ಹೊತ್ತು ಮುಳುಗುವ ಮೊದಲು ಊಟಕ್ಕೆ ಕರೆದರೆ ಹಸಿವಿಲ್ಲ ಎಂದುಬಿಟ್ಟರು.

ಶನಿವಾರ

ಶನಿವಾರ ಬೆಳಗಿನ ಶಾಲೆ. ನನ್ನ ಗಾಡಿ ಹತ್ತು ಗಂಟೆಗೆ. ಊರವರು ಐದನೆಯ ಅಂಕಣದ ತಟ್ಟಿ ಬಿಚ್ಚಿ ತೊಲೆಗಳನ್ನು ಹೊರಗೆ ಹಾಕುತ್ತಿದ್ದರು. ಎರಡನೆಯ ತರಗತಿಯವರು ತಮ್ಮ ಊರನ್ನು ಮತ್ತೆ ಕಟ್ಟಲು ಕುಳಿತು, ಬಸದಿ ಮೊದಲೋ ಬಾವಿ ಮೊದಲೋ ಎಂದು ಜಗಳವಾಡುತ್ತಿದ್ದರು. ನನ್ನ ಭೂಪಟವನ್ನು ಮಾಸ್ತರು ಜೋಪಾನವಾಗಿ ಕೊಳವೆಗೆ ಸೇರಿಸಿ, ಏಳನೆಯ ಇಯತ್ತೆ ಬರುವವರೆಗೆ ಮಲಗಿರಲಿ ಎಂದರು.

ಆಮೇಲೆ ನಾಲ್ಕನೆಯ ತರಗತಿಯವರನ್ನು ಕೂರಿಸಿಕೊಂಡು, ಜೂನಿನಿಂದ ತಾವು ಹುಕ್ಕೇರಿಗೆ ಹೋಗುವುದಾಗಿ ಹೇಳಿದರು. ಒಬ್ಬ ಹುಡುಗಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಶಾಂತವ್ವ ನೆಲದ ಮೇಲಿನ ಜಿಲ್ಲೆಯನ್ನೇ ನೋಡುತ್ತಿದ್ದಳು.

"ಮಾಸ್ತರ, ನೀವು ಹುಕ್ಕೇರ್ಯಾಗ ಕುಂದರ್ರಿ" ಎಂದಳು.

"ಯಾಕವಾ?"

"ಕುಂದರ್ರಿ ಅಂದ್ರ."

ಅವರು ಎದ್ದು ಹೋಗಿ ಹುಕ್ಕೇರಿಯಲ್ಲಿ ಕುಳಿತರು. ಅವಳು ನಾಲ್ಕು ಹೆಜ್ಜೆ ಎಣಿಸುತ್ತ ಬಂದು ತಮ್ಮೂರಿನ ಕಡಲೆಕಾಳಿನ ಪಕ್ಕ ಕುಳಿತಳು. ಉಳಿದ ಮೂವರೂ ಅವಳಿಗೆ ಒತ್ತಿಕೊಂಡು ಕುಳಿತರು.

"ಈಗ ಪಾಠ ಹೇಳ್ರಿ."

ಮಾಸ್ತರು ಟೋಪಿ ಸರಿಮಾಡಿಕೊಂಡು, "ಘಟಪ್ರಭಾ ಹೊಳಿ ಎಲ್ಲಿ ಹುಟ್ಟತೈತಿ?" ಎಂದರು.

ಅವಳು ಉತ್ತರ ಹೇಳಲಿಲ್ಲ. ಗೆಳತಿಯರ ಕಡೆ ತಿರುಗಿ, "ಕೇಳಸ್ತೈತೇನ?" ಎಂದು ಒಬ್ಬೊಬ್ಬರನ್ನೂ ಕೇಳಿದಳು. ಮೂವರೂ ತಲೆಯಾಡಿಸಿದರು.

"ಇಲ್ಲೀತನಾ ಕೇಳಸ್ತೈತ್ರಿ ಮಾಸ್ತರ" ಎಂದಳು. "ಹೋಗಿ ಬರ್ರಿ."